ಫ್ಯಾಮಿಲಿಗೆ ಮಾತ್ರ: ಕೋರದ ಓನರಣ್ಣನಿಗೊಂದು ಬಹಿರಂಗ ಪತ್ರ

ಕೋರದ ಸಮಸ್ತ ಮನೆ ಓನರ್ ಅಣ್ಣಂದಿರಿಗೆ, ಪಾವಗಡ ಕಡೆಯಿಂದ ಬಂದು ತುಮಕೂರು ಬಳಿಯ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಕೆಲಸ ಮಾಡುವ, ನಿಮ್ಮ ಮುಂದಿನ ಬಾಡಿಗೆದಾರನಾಗಲು ಹಾತೊರೆಯುತ್ತಿರುವವನ ನಮಸ್ಕಾರಗಳು.

2014ರ ಸೆಪ್ಟೆಂಬರಿನಲ್ಲಿ ಪ್ರಧಾನಿಯೇ ಬಂದು ನಿಮ್ಮ ಹೋಬಳಿಯಲ್ಲಿ ಫುಡ್ ಪಾರ್ಕ್ ಉದ್ಘಾಟಿಸಿದರು. ಹಣ್ಣು ತರಕಾರಿಗೆ ಶೀತಲಗೃಹ ಬಂತು. ಮೆಷಿನ್ ಟೂಲ್ ಪಾರ್ಕ್ ಬಂದು ಯಂತ್ರಗಳಿಗೂ ಸೂರಾಯಿತು. ನೈಟ್ ಶಿಫ್ಟ್ ಮುಗಿಸಿದ ಆಳು ಎಲ್ಲಿ ಮಲಗಬೇಕೆಂಬುದನ್ನು ಮಾತ್ರ ನಿಮ್ಮ ದೊಡ್ಡ ಮನಸ್ಸಿಗೆ ಬಿಟ್ಟಂತಿದೆ. ಕಂಪನಿಗಳಿಗೆ ಏಕಗವಾಕ್ಷಿಯಲ್ಲಿ ಅನುಮತಿ. ನೀವು ನನಗೆ ತೋರಿಸಿದ ಕೋಣೆಗೆ ಆ ಒಂದು ಗವಾಕ್ಷಿಯೂ ಇರಲಿಲ್ಲ.

ಕೆಲಸದ ಇಂಟರ್‌ವ್ಯೂನಲ್ಲಿ ಐಟಿಐ ಸರ್ಟಿಫಿಕೇಟ್ ಕೇಳಿದರು, ಮುಗೀತು. ನಿಮ್ಮ ಜಗುಲಿಯ ಇಂಟರ್‌ವ್ಯೂ ಹಾಗಲ್ಲ. ‘ಮದುವೆ ಆಗಿದೆಯಾ?’ ಇಲ್ಲ ಅಂದರೆ ಬ್ಯಾಚುಲರ್‌ಗೆ ಕೊಡಲ್ಲ. ಮನೆಯಿಲ್ಲದವನಿಗೆ ಹೆಣ್ಣು ಕೊಡಲ್ಲ ಅಂತ ಹೆಣ್ಣಿನ ಕಡೆಯವರು, ಹೆಣ್ಣಿಲ್ಲದವನಿಗೆ ಮನೆ ಕೊಡಲ್ಲ ಅಂತ ನೀವು. ಇಬ್ಬರೂ ಒಮ್ಮೆ ಕೂತು ಮಾತಾಡಿದರೆ ಒಳ್ಳೆಯದು. ಆಮೇಲೆ ದನಿ ತಗ್ಗಿಸಿ, ‘ಬೇಜಾರು ಮಾಡ್ಕೋಬೇಡಿ, ಏನ್ ಜನ ನೀವು?’ ಅನ್ನುತ್ತೀರಿ. ಬೇಜಾರೇನಿಲ್ಲಣ್ಣ. ನಾನು ಉತ್ತರ ಹೇಳಿದ ಮೇಲೆ ‘ಈಗ ತಾನೇ ಬೇರೆಯವರು ಅಡ್ವಾನ್ಸ್ ಕೊಟ್ಟುಹೋದರು’ ಅಂತ ಒಳಗಿಂದ ಅಕ್ಕ ಕೂಗಿದ ವೇಗ ಮಾತ್ರ ನಮ್ಮ ಕನ್ವೇಯರ್ ಬೆಲ್ಟಿಗೂ ಇಲ್ಲ. ‘ಮನೆ ಬಾಡಿಗೆಗಿದೆ’ ಬೋರ್ಡು ಮುಂದಿನ ವಾರವೂ ಅಲ್ಲೇ ತೂಗುತ್ತಿತ್ತು.

ಅಡ್ವಾನ್ಸ್ ವಿಷಯ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಬೇಡ ಎಂದು 2021ರಲ್ಲಿ ಕೇಂದ್ರ ಸರ್ಕಾರ ಒಂದು ಮಾದರಿ ಕಾಯ್ದೆ ಬರೆದು, ಒಪ್ಪುವುದು ಬಿಡುವುದನ್ನು ರಾಜ್ಯಗಳಿಗೆ ಬಿಟ್ಟಿತು. ಮಾದರಿ ಅಂದರೆ ನೋಡಿ ಸಂತೋಷಪಡುವುದಕ್ಕೆ. ನೀವು ನೋಡುವುದು ಬೆಂಗಳೂರಿನ ಮಾದರಿ: ಹತ್ತು ತಿಂಗಳದ್ದು. ಅಲ್ಲಿಂದ ಎಪ್ಪತ್ತು ಕಿಲೋಮೀಟರ್ ಆಚೆಯ ತುಮಕೂರು ದಾಟಿ ಅದು ಹೈವೇಯಲ್ಲೇ ನಿಮ್ಮೂರಿಗೆ ಬಂತು. ಮೆಟ್ರೊ ಬರಲಿಲ್ಲ. ಬಿಟ್ಟುಹೋಗುವಾಗ ಪೇಂಟಿಂಗ್ ಲೆಕ್ಕಕ್ಕೆ ಒಂದು ತಿಂಗಳದ್ದು ಹಿಡಿದುಕೊಳ್ಳುತ್ತೀರಂತೆ. ಆ ಗೋಡೆ ಕೊನೆಯ ಸಲ ಸುಣ್ಣ ಕಂಡದ್ದು ಯಾವ ಕಾಲದಲ್ಲೋ.

ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಾಯಿಸಬೇಕೆಂದು 1908ರ ಕಾನೂನು ಹೇಳುತ್ತದೆ. ಹಾಗಾಗಿ ನಿಮ್ಮ ಪಂಚಾಂಗದಲ್ಲಿ ವರ್ಷಕ್ಕೆ 11 ತಿಂಗಳು. ಹನ್ನೆರಡನೆಯದು ಬಾಡಿಗೆ ಏರುವ ಹಬ್ಬ.

ಇಷ್ಟೆಲ್ಲ ಹೇಳಿದರೂ ನಿಮ್ಮ ಮೇಲೆ ಪೂರ್ತಿ ಸಿಟ್ಟು ಬರುವುದಿಲ್ಲ, ಅದೇ ಕಷ್ಟ. ನಾನು ನಿಂತು ಕೆಲಸ ಮಾಡುವ ಶೆಡ್ಡಿನ ಜಾಗ ನಿಮ್ಮವರದೇ ರಾಗಿ ಹೊಲ. ಕೈಗಾರಿಕಾ ಪ್ರದೇಶಕ್ಕೆಂದು ಕೆಐಎಡಿಬಿ ಅಳೆದು ತಗೊಂಡಿತು. ಬಂದ ಪರಿಹಾರದಲ್ಲಿ ಕೆಲವರು ಸಾಲುಮನೆ ಕಟ್ಟಿದಿರಿ. ಮಗನಿಗೆ ಗೇಟಿನಲ್ಲಿ ಸೆಕ್ಯುರಿಟಿ ಕೆಲಸ, ಅದೂ ಕಾಂಟ್ರಾಕ್ಟು. ಈಗ ನಿಮಗೆ ಉಳಿದಿರುವ ಒಂದೇ ಬೆಳೆ ನಾನು. ಮಳೆ ಬರಲಿ ಬಿಡಲಿ ತಿಂಗಳಿಗೊಮ್ಮೆ ಕೊಯ್ಲು. ಜಮೀನು ತಗೊಂಡವರನ್ನು ನೀವು ಕೇಳಲಾರಿರಿ, ಸಂಬಳ ಕೊಡುವವರನ್ನು ನಾನು ಕೇಳಲಾರೆ. ಹಾಗಾಗಿ ಕರೆಂಟು ಬಿಲ್ಲಿಗೆ ನಾವಿಬ್ಬರೇ ಜಗಳವಾಡೋಣ.

ಕೊನೆಗೆ ನನ್ನ ಷರತ್ತುಗಳು. ಸಂಪಿನ ನೀರು ದಿನ ಬಿಟ್ಟು ದಿನ ಬಂದರೂ ಸಾಕು. ಭಾನುವಾರ ನಿಮ್ಮ ಮನೆಯ ಬಾಡೂಟದ ಘಮ ಮೂಗಿಗೆ ಬಿದ್ದರೂ ‘ವೆಜ್ ಓನ್ಲಿ’ ನಿಯಮ ಪಾಲಿಸುವೆ. ಬಾಡಿಗೆ ತಿಂಗಳ ಐದಕ್ಕೆ ಎಂದಿದ್ದೀರಿ, ಸಂಬಳ ಆಗುವುದು ಏಳಕ್ಕೆ. ಆ ಎರಡು ದಿನ ನಾನು ಊರಲ್ಲಿಲ್ಲ ಅಂದುಕೊಳ್ಳಿ.

ಇಂತಿ,
ಸದ್ಯಕ್ಕೆ ಸ್ನೇಹಿತನ ರೂಮಿನಲ್ಲಿ ನಾಲ್ಕನೆಯವನು