ನಿಮ್ಮ ಸರ್ಟಿಫಿಕೇಟ್ ಎಲ್ಲೈತಿ?

“ತಮ್ಮಾ, ನಿಮಗ ರಿನಿವಲ್ ಅನ್ನೂದು ಇಲ್ಲೇನು?” ಅಂತ ಕಂಪೌಂಡಿನ ಆಚೆಯಿಂದ ಕಾಕಾ ಕೇಳಿದರು. ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದವರು ಅವರು. ಮಗನದು ಇಲ್ಲೇ ಬೈರಿದೇವರಕೊಪ್ಪದಲ್ಲಿ ಔಷಧಿ ಅಂಗಡಿ. ಅಂಗಡಿಯೊಳಗೆ ಕಾಲಿಟ್ಟರೆ ಮೊದಲು ಕಾಣುವುದು ಗಾಜಿನ ಕಟ್ಟು ಹಾಕಿಸಿದ ಫಾರ್ಮಸಿ ಕೌನ್ಸಿಲ್ ನೋಂದಣಿ ಪತ್ರ. ಅದರ ನವೀಕರಣದ ಓಡಾಟ ಈ ವಾರ ಅವರ ಮನೆಯಲ್ಲಿ ನಡೆದಿತ್ತು. 2015ರ ನಿಯಮದ ಪ್ರಕಾರ ಐದು ವರ್ಷದೊಳಗೆ ಕನಿಷ್ಠ ಎರಡು ಪುನಶ್ಚೇತನ ತರಬೇತಿಗೆ ಹೋಗಿ ಬಂದಿರಬೇಕು. ಡಾಕ್ಟರರಿಗೂ ಹೀಗೇ, ಐದು ವರ್ಷಕ್ಕೆ 30 ಗಂಟೆಯ ಕಲಿಕೆಯ ಲೆಕ್ಕ ಕೊಡಬೇಕು. ವಕೀಲರಿಗೆ ಬಾರ್ ಕೌನ್ಸಿಲ್ ಇದೆ, ನರ್ಸ್‌ಗಳಿಗೆ ನರ್ಸಿಂಗ್ ಕೌನ್ಸಿಲ್ ಇದೆ.

“ನಮಗ ಲೈಬ್ರೇರಿಯನ್ನರಿಗೆ ಕೌನ್ಸಿಲ್ಲೂ ಇಲ್ಲ, ರಿನಿವಲ್ಲೂ ಇಲ್ಲ ಕಾಕಾ. ಡಿಗ್ರಿ ಅಷ್ಟ ಐತಿ” ಅಂದೆ.

“ಬ್ಯಾಡ ಬಿಡು, ಛೊಲೋನ ಆತು. ಬುಕ್ ಕೊಡೂದು, ಬುಕ್ ತಗೊಳ್ಳೂದು. ಅದಕ್ಕ್ಯಾಕ ಬೇಕು ಇಷ್ಟೆಲ್ಲಾ?”

ಕಾಕಾ ಇದನ್ನು ಕೊಂಕಿನಿಂದ ಹೇಳಲಿಲ್ಲ. ಊರಲ್ಲಿ ಬಹಳ ಮಂದಿ ತಿಳಿದಿರುವುದೇ ಹಾಗೆ. ಕಪಾಟು, ಸೀಲು, ರಿಜಿಸ್ಟರು, ಎದುರಿಗೊಬ್ಬ ಸುಮ್ಮನೆ ಕೂತ ಮನುಷ್ಯ. ಈ ತಿಳುವಳಿಕೆ ಹೋಗದ ಹೊರತು ನಮ್ಮ ಕಸುಬಿಗೆ ನೋಂದಣಿ ಬರುವುದಿಲ್ಲ, ಬಂದರೂ ಉಳಿಯುವುದಿಲ್ಲ. ಹಾಗಾಗಿ ಚಹಾ ತಣ್ಣಗಾದರೂ ಆಗಲಿ ಅಂತ ಬೇಂದ್ರೆಯವರನ್ನೇ ಮುಂದಿಟ್ಟುಕೊಂಡು ಹೇಳತೊಡಗಿದೆ. ಧಾರವಾಡ ಸೀಮೆಯವರಿಗೆ ಅವರ ಹೆಸರು ಹೇಳಿದರೆ ಮಾತು ಬೇಗ ಮುಟ್ಟುತ್ತದೆ.

ಒಬ್ಬ ಹುಡುಗ ಬಂದು ಬೇಂದ್ರೆಯವರ ಪುಸ್ತಕ ಯಾವ್ಯಾವ ಇವೆ ಅಂತ ಕೇಳುತ್ತಾನೆ. ಕಂಪ್ಯೂಟರಿನಲ್ಲಿ ಒಂದು ಪುಸ್ತಕ ‘ಬೇಂದ್ರೆ, ದ. ರಾ.’ ಅಂತ ಸೇರಿದೆ. ಇನ್ನೊಂದು ‘ದತ್ತಾತ್ರೇಯ ರಾಮಚಂದ್ರ ಬೇಂದ್ರೆ’ ಅಂತ, ಮತ್ತೊಂದು ‘ಅಂಬಿಕಾತನಯದತ್ತ’ ಅಂತ, ನಾಲ್ಕನೆಯದು ಇಂಗ್ಲಿಷ್ ಅಕ್ಷರದಲ್ಲಿ. ಯಂತ್ರದ ಪಾಲಿಗೆ ಇವರು ನಾಲ್ಕು ಮಂದಿ ಬೇರೆ ಬೇರೆ ಲೇಖಕರು. ಹುಡುಗ ಒಂದು ಹೆಸರು ಒತ್ತುತ್ತಾನೆ, ಒಂದೇ ಪುಸ್ತಕ ಬರುತ್ತದೆ, ಇಷ್ಟೇ ಇರೋದು ಅಂದುಕೊಂಡು ಹೊರಟುಹೋಗುತ್ತಾನೆ. ಉಳಿದವು ಎರಡು ಮಾರು ದೂರದ ಕಪಾಟಿನಲ್ಲೇ ಇರುತ್ತವೆ. ಒಂದು ಹೆಸರನ್ನು ಮುಖ್ಯವಾಗಿಟ್ಟು ಉಳಿದ ರೂಪಗಳನ್ನೆಲ್ಲ ಅದಕ್ಕೆ ಜೋಡಿಸುವುದು ಲೈಬ್ರೇರಿಯನ್ ಕೆಲಸ. ಇದು ನೋಡಿ ನೋಡಿ ಬರುವ ವಿದ್ಯೆಯಲ್ಲ, ಯಾರಾದರೂ ಕೂಡಿಸಿಕೊಂಡು ಕಲಿಸಬೇಕು.

ಇಪ್ಪತ್ತು ವರ್ಷದ ಹಿಂದೆ ಕಲಿತದ್ದೂ ಇವತ್ತು ಸಾಲದು. ಆಗ ಕನ್ನಡ ಪುಸ್ತಕದ ವಿವರಗಳನ್ನು ಹಳೆಯ ನುಡಿ, ಬರಹ ಫಾಂಟಿನಲ್ಲಿ ಹೊಡೆದಿಟ್ಟೆವು. ಯೂನಿಕೋಡ್ ಬಂದ ಮೇಲೆ ಆ ಕಡತ ತೆರೆದರೆ ಅಕ್ಷರದ ಬದಲು ಅರ್ಥವಿಲ್ಲದ ಗುರುತುಗಳು. ಅದನ್ನು ಪರಿವರ್ತಿಸಿ, ಒತ್ತಕ್ಷರ ಎಲ್ಲಿ ಕೆಟ್ಟಿದೆ ಅಂತ ಒಂದೊಂದೇ ಸಾಲು ತಿದ್ದುವುದನ್ನು ಬಿ.ಲಿಬ್. ಓದುವಾಗ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡಲು ಆಗ ಆ ಸಮಸ್ಯೆಯೇ ಹುಟ್ಟಿರಲಿಲ್ಲ.

ಕಾಕಾ ಗೋಡೆಗೆ ಮೊಣಕೈ ಊರಿ ನಿಂತರು. “ಹಂಗಾದ್ರ ನಿಮ್ಮನ್ನ ಯಾರೂ ಕಲೀರಿ ಅಂತ ಅನ್ನೂದ ಇಲ್ಲ?”

ಅನ್ನುತ್ತಾರೆ, ಆದರೆ ಎಲ್ಲರಿಗೂ ಅಲ್ಲ. ನನ್ನಂಥ ಕಾಲೇಜು ಲೈಬ್ರೇರಿಯನ್ನರಿಗೆ ಯುಜಿಸಿ ಇದೆ. ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ, ಮೇಲೆ ಎನ್‌ಇಟಿ. 2018ರ ನಿಯಮಾವಳಿಯಂತೆ ಮೊದಲ ಬಡ್ತಿಗೆ 21 ದಿನದ ಓರಿಯಂಟೇಶನ್, ಜೊತೆಗೆ ಕಂಪ್ಯೂಟರೀಕರಣದ ಬಗ್ಗೆ ಕನಿಷ್ಠ 5 ದಿನದ ತರಬೇತಿ. ನಮಗೆ ಅನುಕೂಲವೂ ಉಂಟು. ಮನೆ ಬಿಟ್ಟು ಚಿಗರಿ ಬಸ್ ಹತ್ತಿದರೆ ನವನಗರದಲ್ಲಿ ಕಾನೂನು ವಿಶ್ವವಿದ್ಯಾಲಯ, ಇನ್ನೂ ಮುಂದೆ ಹೋದರೆ ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯ, ಅಲ್ಲಿ ಗ್ರಂಥಾಲಯ ವಿಜ್ಞಾನದ ವಿಭಾಗವೇ ಇದೆ. ಕಲಿಯಬೇಕು ಅನ್ನುವವನಿಗೆ ದಾರಿ ದೂರವಿಲ್ಲ. ಆದರೆ ಬಡ್ತಿಗೆ ಕಟ್ಟಿದ ಕಲಿಕೆ ಬಡ್ತಿ ಸಿಕ್ಕ ದಿನ ನಿಂತುಬಿಡುತ್ತದೆ. ಪ್ರಮಾಣಪತ್ರ ಫೈಲಿಗೆ ಸೇರಿದ ಮೇಲೆ ಪುಸ್ತಕವನ್ನೇ ಮುಟ್ಟದವರನ್ನು ನಾನು ನೋಡಿದ್ದೇನೆ, ನೋಡಿ ಬೇಜಾರಾಗಿದೆ.

ನಮ್ಮ ಕಸುಬಿನ ಹಿರಿಯರು ಹಾಗಿರಲಿಲ್ಲ. ಎಸ್. ಆರ್. ರಂಗನಾಥನ್ ಮದ್ರಾಸಿನಲ್ಲಿ ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರೇರಿಯನ್ ಆದಾಗ ಅವರಿಗೆ ಈ ಕೆಲಸದ ತರಬೇತಿಯೇ ಇರಲಿಲ್ಲ. ಲಂಡನ್ನಿಗೆ ಹೋಗಿ ಕಲಿತರು, ಅಲ್ಲಿಯ ಸಾರ್ವಜನಿಕ ಲೈಬ್ರರಿಗಳನ್ನು ಸುತ್ತಿ ನೋಡಿದರು. 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳ ಪುಸ್ತಕ ಬರೆದರು. ಎಪ್ಪತ್ತರ ವಯಸ್ಸಿನಲ್ಲಿ, 1962ರಲ್ಲಿ, ಬೆಂಗಳೂರಲ್ಲಿ ಡಿಆರ್‌ಟಿಸಿ ಅನ್ನುವ ಸಂಶೋಧನೆ, ತರಬೇತಿ ಕೇಂದ್ರ ಕಟ್ಟಿದರು. 1972ರಲ್ಲಿ ತೀರಿಕೊಂಡದ್ದೂ ಬೆಂಗಳೂರಲ್ಲೇ. ಆಗಸ್ಟ್ 12, ಅವರ ಹುಟ್ಟುಹಬ್ಬದಂದು, ಗ್ರಂಥಪಾಲಕರ ದಿನ ಅಂತ ಫೋಟೋಕ್ಕೆ ಹಾರ ಹಾಕುತ್ತೇವೆ. ಹಾರ ಹಾಕಿದ ದಿನವೇ ಊರಿನ ನಾಲ್ಕು ಮಂದಿ ಲೈಬ್ರರಿ ಹುಡುಗರನ್ನು ಕೂಡಿಸಿ ಏನಾದರೊಂದು ಕಲಿಸಿದರೆ ಆ ಹಿರಿಯರಿಗೆ ಅದೇ ದೊಡ್ಡ ಗೌರವ.

ನನಗೆ ಕಳಕಳಿ ಇರುವುದು ಹಳ್ಳಿ ಲೈಬ್ರರಿ ನೋಡಿಕೊಳ್ಳುವವರ ಬಗ್ಗೆ. ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. ಮೊದಲು ಗ್ರಂಥಾಲಯ ಇಲಾಖೆಯ ಕೆಳಗಿದ್ದವು, ಈಗ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದಿವೆ, ಅರಿವು ಕೇಂದ್ರ ಅನ್ನುವ ಹೆಸರೂ ಬಂದಿದೆ. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದಾಗ ಹಳ್ಳಿ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಕೊಟ್ಟರು. ಒಳ್ಳೆಯ ಕೆಲಸ, ಮನಸಾರೆ ಮೆಚ್ಚುತ್ತೇನೆ. ಆದರೆ ಆ ಮಕ್ಕಳ ಎದುರು ಕೂತ ಮೇಲ್ವಿಚಾರಕರಲ್ಲಿ ಬಹಳ ಮಂದಿ ಗ್ರಂಥಾಲಯ ವಿಜ್ಞಾನ ಓದಿದವರಲ್ಲ, ಗೌರವಧನದ ಮೇಲೆ ಬಂದವರು.

ನಮ್ಮ ದೊಡ್ಡಪ್ಪನ ಮೊಮ್ಮಗಳು ಕಲಘಟಗಿ ಕಡೆಯ ಒಂದು ಹಳ್ಳಿಯಲ್ಲಿ ಇದೇ ಕೆಲಸ ಮಾಡುತ್ತಾಳೆ. ಹೋದ ವರ್ಷ ನೋಡಲು ಹೋಗಿದ್ದೆ. ಪುಸ್ತಕದ ಬೆನ್ನಿಗೆ ಬಣ್ಣದ ಟೇಪು ಸುತ್ತಿದ್ದಳು. ಕೆಂಪು ಟೇಪು ಚಿತ್ರ ನೋಡುವ ಮಕ್ಕಳಿಗೆ, ಹಳದಿ ಕೂಡಿಸಿ ಓದುವವರಿಗೆ, ಹಸಿರು ಸರಾಗ ಓದುವವರಿಗೆ, ನೀಲಿ ಪಿಡಿಒ, ಪೊಲೀಸ್ ಪರೀಕ್ಷೆಗೆ ಕೂರುವ ಹುಡುಗರಿಗೆ. ಮಕ್ಕಳು ಓದಿದ ಮೇಲೆ ತಾವೇ ಬಣ್ಣ ನೋಡಿ ವಾಪಸ್ ಇಡುತ್ತಿದ್ದರು. “ಯಾರ್ ಕಲಿಸಿದ್ರವ್ವಾ ನಿನಗ ಇದನ್ನ?” ಅಂದರೆ, “ಯಾರೂ ಇಲ್ಲ ಕಾಕಾ, ದಿನಾ ಎಲ್ಲಾ ಕಲಸಿ ಇಡತಿದ್ರು, ಸಾಕಾಗಿ ಹಿಂಗ ಮಾಡಿದೆ” ಅಂದಳು. ಓದುಗನ ಮಟ್ಟ ನೋಡಿ ಪುಸ್ತಕ ಜೋಡಿಸುವುದನ್ನು ಅವಳು ತಾನಾಗಿಯೇ ಕಂಡುಕೊಂಡಿದ್ದಳು. ಆಮೇಲೆ ಅವಳು ನನ್ನನ್ನು ಕೇಳಿದ್ದು, “ನಾಲ್ಕನೇ ಇಯತ್ತೆ ಹುಡುಗಿ ದಿನಾ ಬರ್ತಾಳ, ಅಕ್ಷರ ಕೂಡಿಸಾಕ ಬರೂದಿಲ್ಲ, ಆಕಿಗೆ ಏನ್ ಕೊಡ್ಲಿ?” ಅಂತ. ಆ ಪ್ರಶ್ನೆಗೆ ಉತ್ತರ ಹೇಳಲು ಅವಳಿಗೊಂದು ನಿಯಮಿತ ತರಬೇತಿ ಬೇಕು, ಫೋನು ಹಚ್ಚಿ ಕೇಳಲು ಬಲ್ಲವರೊಬ್ಬರು ಬೇಕು. ಒಂದು ದಿನದ ತರಬೇತಿಗೆ ಧಾರವಾಡಕ್ಕೆ ಬಂದರೂ ಬಸ್ಸಿನ ಖರ್ಚು ಅವಳ ಕೈಯಿಂದ ಹೋಗಬಾರದು, ಆ ದಿನ ಲೈಬ್ರರಿಯ ಬಾಗಿಲೂ ಮುಚ್ಚಬಾರದು.

ಹೊರಗಿನ ದೇಶಗಳಲ್ಲಿ ಲೈಬ್ರೇರಿಯನ್ನರ ನೋಂದಣಿಗೆ, ಕಲಿಕೆಗೆ ದಾರಿ ಮಾಡಿಕೊಂಡಿದ್ದಾರೆ. ಫಿಲಿಪ್ಪೀನ್ಸ್ ಕಾನೂನೇ ಮಾಡಿತು. ಅಲ್ಲಿ ಸರ್ಕಾರದ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆಯದವರು ಲೈಬ್ರೇರಿಯನ್ ಆಗುವಂತಿಲ್ಲ. ನ್ಯೂಜಿಲೆಂಡಿನ ಗ್ರಂಥಪಾಲಕರ ಸಂಘ 2007ರಲ್ಲಿ ಕಡ್ಡಾಯವಲ್ಲದ ನೋಂದಣಿ ತಂದಿತು. ಕೆಲಸ ಮಾಡುತ್ತ ಏನು ಕಲಿತೆ ಅನ್ನುವುದನ್ನು ದಿನಚರಿಯ ಹಾಗೆ ಬರೆದಿಟ್ಟು ಮೂರು ವರ್ಷಕ್ಕೊಮ್ಮೆ ತೋರಿಸಬೇಕು. ಇವತ್ತು ನಮ್ಮ ಎಷ್ಟೋ ಕಾಲೇಜುಗಳಲ್ಲಿ ನಡೆಯುವ ‘ಕೊಹಾ’ ತಂತ್ರಾಂಶ ಹುಟ್ಟಿದ್ದೂ ಆ ದೇಶದ ಒಂದು ಸಣ್ಣ ಊರಿನ ಲೈಬ್ರರಿಗಾಗಿ. ಅದನ್ನು ಪುಕ್ಕಟೆ ತಂದುಕೊಂಡೆವು, ಕಲಿಕೆಯ ಲೆಕ್ಕ ಇಡುವ ಅವರ ರೂಢಿಯನ್ನು ಮಾತ್ರ ತರಲಿಲ್ಲ.

ನನಗೆ ಒಪ್ಪುವುದು ನ್ಯೂಜಿಲೆಂಡಿನ ರೀತಿ. ಫಿಲಿಪ್ಪೀನ್ಸಿನ ಹಾಗೆ ನಾಳೆಯೇ ಪರೀಕ್ಷೆ ಇಟ್ಟರೆ ಮೊದಲು ಮನೆಗೆ ಹೋಗುವವಳು ಟೇಪು ಸುತ್ತಿದ ನಮ್ಮ ಹುಡುಗಿ. ಅವಳ ಬಳಿ ಡಿಗ್ರಿ ಇಲ್ಲ, ಬುದ್ಧಿ ಇದೆ. ಆ ನಾಲ್ಕು ಬಣ್ಣಕ್ಕೂ ಅಂಕ ಕೊಡುವ ನೋಂದಣಿ ಬರಲಿ. ಮೊದಲು ತಾಲೂಕಿಗೊಂದು ಕಡೆ ಕನ್ನಡದಲ್ಲಿ ತರಬೇತಿ, ಹೋಗಿಬರುವ ಖರ್ಚು, ಬದಲಿ ಮನುಷ್ಯ. ಆಮೇಲೆ ಹೆಸರಿನ ಪಟ್ಟಿ, ಆಮೇಲೆ ನವೀಕರಣ. ಈ ಕ್ರಮ ತಪ್ಪಿದರೆ ನೋಂದಣಿ ಬಡವರ ತಲೆಯ ಮೇಲೆ ಇನ್ನೊಂದು ಫೀ ಆಗುತ್ತದೆ.

“ರೊಕ್ಕ ಯಾರ್ ಕೊಡ್ತಾರ?” ಕಾಕಾ ಕೇಳಿದ್ದು ಸರಿಯಾದ ಪ್ರಶ್ನೆ.

“ನೀವ ಕೊಟ್ಟೀರಿ ಕಾಕಾ. ಈ ವರ್ಷದ್ದು ಮನಿ ಟ್ಯಾಕ್ಸ್ ಪಾವತಿ ತರ್ರಿ” ಅಂದೆ. ತಂದರು, ಚಸ್ಮಾ ಹಾಕಿಕೊಂಡು ಗೋಡೆಯ ಮೇಲೆ ಹರಡಿದರು. ಕೆಳಗಿನ ಸಾಲುಗಳಲ್ಲಿ ಆರೋಗ್ಯ ಕರ, ಭಿಕ್ಷುಕರ ಕರ, ಅವುಗಳ ನಡುವೆ ಗ್ರಂಥಾಲಯ ಕರ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು ಅದು. ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಆರು ರೂಪಾಯಿ. ತೆರಿಗೆ 5,000 ಆದರೆ ಲೈಬ್ರರಿಗೆ 300. ಕಾಕಾ ಬೆರಳಿಟ್ಟು ಎರಡು ಸಲ ಓದಿದರು. “ಇಷ್ಟ್ ವರ್ಷ ತುಂಬೀನಿ, ಒಮ್ಮೆನೂ ಒಳಗ ಹೋಗಿಲ್ಲಲ್ಲೋ!” ಅಂದರು.

ಆ ರೊಕ್ಕದಲ್ಲಿ ಪುಸ್ತಕ ಬರಲಿ, ಕಟ್ಟಡ ಬರಲಿ, ಪಗಾರ ಬರಲಿ. ಅದರ ಒಂದು ಸಣ್ಣ ಪಾಲು ಅಲ್ಲಿ ಕೂತವರ ಕಲಿಕೆಗೆ ಅಂತಲೇ ತೆಗೆದಿಡಬೇಕು, ಎಷ್ಟು ಮಂದಿಗೆ ಕಲಿಸಿದೆವು ಅನ್ನುವ ಲೆಕ್ಕವನ್ನು ವರ್ಷಕ್ಕೊಮ್ಮೆ ಜನರ ಮುಂದಿಡಬೇಕು. ಇದನ್ನು ಲೈಬ್ರೇರಿಯನ್ನರೇ ಕೇಳಿದರೆ ಸ್ವಂತಕ್ಕೆ ಕೇಳಿದ ಹಾಗೆ ಕಾಣುತ್ತದೆ. ತೆರಿಗೆ ಕಟ್ಟಿದವರು ಕೇಳಿದರೆ ಅದಕ್ಕೆ ತೂಕ ಬೇರೆ. ನಿಮ್ಮ ಮನೆಯಲ್ಲೂ ಆ ಪಾವತಿ ಇರುತ್ತದೆ, ತೆಗೆದು ನೋಡಿ. ನಿಮ್ಮ ವಾರ್ಡಿನ ಲೈಬ್ರರಿಗೆ ಒಮ್ಮೆ ಹೋಗಿ, ಅಲ್ಲಿ ಕೂತವರನ್ನು “ಈ ವರ್ಷ ನಿಮಗೆ ತರಬೇತಿ ಸಿಕ್ಕಿತೇನ್ರಿ?” ಅಂತ ಕೇಳಿ. ಇಲ್ಲ ಅಂದರೆ ಪಾಲಿಕೆ ಸದಸ್ಯರಿಗೆ ಒಂದು ಅರ್ಜಿ ಬರೆಯಿರಿ. ಪಾವತಿಯ ಝೆರಾಕ್ಸ್ ಜೊತೆಗಿಡುವುದನ್ನು ಮರೆಯಬೇಡಿ.