ದೀಪಾಭಾವ ಪ್ರಕರಣ: ಗೃಹ ರೌಟರಿನ ತಂತಿದೋಷ ಮೀಮಾಂಸೆ

ವೈಫೈ ನೆಟ್ಟಗಿದ್ದು ತಂತಿಯಲ್ಲಿ ಮಾತ್ರ ಇಂಟರ್‌ನೆಟ್ ನಿಂತಾಗ ಗೃಹಸ್ಥನ ಕರ್ತವ್ಯವೇನು ಎಂಬುದನ್ನು ನಮ್ಮ ಪೂರ್ವಸೂರಿಗಳು ಹೇಳದೆ ಹೋದರು. ಅವರ ಕಾಲಕ್ಕೆ ಲ್ಯಾನ್ ಪೋರ್ಟ್ ಇರಲಿಲ್ಲ ಎಂಬ ಸಮಜಾಯಿಷಿ ಸಲ್ಲದು. ತಮ್ಮ ಕಾಲಕ್ಕೆ ಇಲ್ಲದ ಎಷ್ಟೋ ಸಂಗತಿಗಳ ಮೇಲೆ ಅವರು ಧಾರಾಳವಾಗಿ ಬರೆದಿದ್ದಾರೆ. ಆದಕಾರಣ ಈ ಪ್ರಕರಣ.

ಈ ಶಾಸ್ತ್ರದ ಮೂಲ, ಕ್ಯಾಲಿಫೋರ್ನಿಯಾದ ಕ್ಸೆರಾಕ್ಸ್ ಪಾರ್ಕ್ ಎಂಬ ತಪೋವನದಲ್ಲಿ ರಾಬರ್ಟ್ ಮೆಟ್‌ಕಾಫ್ ಎಂಬ ದ್ರಷ್ಟಾರರು 1973ರ ಮೇ 22ರಂದು ಈಥರ್ನೆಟ್ ಎಂಬ ತಂತಿಜಾಲದ ಬಗ್ಗೆ ಬರೆದ ಒಂದು ಮೆಮೊ. ಹತ್ತು ವರ್ಷಕ್ಕೆ ಅದಕ್ಕೆ 802.3 ಎಂಬ ಮಾನಕದ ಭಾಷ್ಯ ಹುಟ್ಟಿತು. ಅದಕ್ಕೆ ಟೀಕೆ, ಟೀಕೆಗೆ ಟಿಪ್ಪಣಿ ಇನ್ನೂ ಬರುತ್ತಲೇ ಇವೆ. ಗೃಹಸ್ಥನಿಗೆ ಇವೊಂದೂ ಬೇಕಿಲ್ಲ. ಅವನ ಉಪಾಸ್ಯ ದೈವ ಪೋರ್ಟಿನ ಪಕ್ಕದ ಪುಟ್ಟ ದೀಪ.

ಮೊದಲು ಪೂರ್ವಪಕ್ಷ. ಲೋಕದಲ್ಲಿ ಬಹುಸಂಖ್ಯಾತರು ಆಫ್-ಆನ್ ವಾದಿಗಳು. ಸ್ವಿಚ್ ಆರಿಸಿ, ಹತ್ತು ಎಣಿಸಿ, ಹಾಕಿದರೆ ಸಕಲ ದೋಷವೂ ನಾಶವಾಗುತ್ತದೆ ಎಂಬುದು ಇವರ ಮತ. ಒಮ್ಮೊಮ್ಮೆ ಫಲಿಸುವುದೂ ಉಂಟು, ಅದೇ ತೊಂದರೆ. ಇಲಿ ಕಡಿದ ತಂತಿಯನ್ನು, ಕಿಟಕಿಯ ಚೌಕಟ್ಟಿನಲ್ಲಿ ಸಿಕ್ಕು ಜಜ್ಜಿಹೋದ ತಂತಿಯನ್ನು ರೀಸ್ಟಾರ್ಟ್ ಬೆಸೆದ ದೃಷ್ಟಾಂತ ಎಲ್ಲಿಯೂ ಇಲ್ಲ. ಇವರಲ್ಲೇ ಒಂದು ವಾಮಾಚಾರಿ ಪಂಗಡವಿದೆ. ಅವರು ರೀಸೆಟ್ ತೂತಿಗೆ ಸೂಜಿ ಚುಚ್ಚುತ್ತಾರೆ. ಆಗ ಕಂಪನಿಯವರು ತುಂಬಿಕೊಟ್ಟ ಯೂಸರ್‌ನೇಮ್, ಪಾಸ್‌ವರ್ಡ್ ಎಲ್ಲ ಅಳಿದು, ಅಲ್ಲಿಯವರೆಗೆ ಸುಖವಾಗಿದ್ದ ವೈಫೈಯೂ ಲಯವಾಗುತ್ತದೆ.

ಸಿದ್ಧಾಂತವೇನೆಂದರೆ: ತಂತಿಯನ್ನು ಶಂಕಿಸು. ಮನುಷ್ಯ ಕಂಪ್ಯೂಟರನ್ನು, ಕಂಪನಿಯನ್ನು, ಕೊನೆಗೆ ಪಕ್ಕದ ಮನೆಯವರನ್ನೂ ಶಂಕಿಸುತ್ತಾನೆ. ಸೋಫಾದ ಕಾಲಡಿ ವರ್ಷಗಟ್ಟಲೆ ಬಿದ್ದಿರುವ ತಂತಿಯನ್ನಲ್ಲ.

ಇನ್ನು ಪ್ರಮಾಣ ವಿಚಾರ. ದೀಪ ಇಲ್ಲವೆಂಬ ಜ್ಞಾನ ನಮಗೆ ಹೇಗೆ ಬರುತ್ತದೆ? ಅಭಾವವೂ ಪ್ರತ್ಯಕ್ಷವೇ ಎಂದು ನೈಯಾಯಿಕರು. ಅದಕ್ಕೆ ಅನುಪಲಬ್ಧಿ ಎಂಬ ಬೇರೆಯೇ ಪ್ರಮಾಣ ಬೇಕೆಂದು ಭಾಟ್ಟ ಮೀಮಾಂಸಕರು. ಕಸ್ಟಮರ್ ಕೇರ್ ಈ ವಾದಕ್ಕೆ ಇಳಿಯುವುದಿಲ್ಲ. ಅದು ಆಪ್ತವಾಕ್ಯ, ರೀಸ್ಟಾರ್ಟ್ ಮಾಡಿ ಎಂದಷ್ಟೇ ಉಪದೇಶಿಸುತ್ತದೆ. ಕೆಲವು ರೌಟರುಗಳಲ್ಲಿ ದೀಪಗಳನ್ನೇ ಆರಿಸಿಡುವ ಗುಂಡಿಯುಂಟು. ಅದನ್ನು ಯಾರೋ ಒತ್ತಿದ್ದರೆ ಎರಡೂ ದರ್ಶನಗಳು ಒಟ್ಟಿಗೆ ಮುಗ್ಗರಿಸುತ್ತವೆ.

ಸಾಧನೆಗೆ ಅನ್ವಯ-ವ್ಯತಿರೇಕವೇ ಗತಿ. ಕೇಬಲ್ ಬದಲಿಸಿ ನೋಡು. ಅದೇ ಕೇಬಲನ್ನು ಇನ್ನೊಂದು ಪೋರ್ಟಿಗೆ ಹಾಕು. ಆಮೇಲೆ ಕಂಪ್ಯೂಟರ್ ಬದಲಿಸು. ಒಂದು ಸಲಕ್ಕೆ ಒಂದೇ. ಮೂರನ್ನೂ ಕೂಡಿಯೇ ಬದಲಿಸಿದವನಿಗೆ ಇಂಟರ್‌ನೆಟ್ ಸಿಗಬಹುದು, ಜ್ಞಾನ ಸಿಗದು.

ದೀಪ ಉರಿಯುತ್ತಿದೆ, ಆದರೆ ಕಂಪ್ಯೂಟರಿನ ವಿಳಾಸ 169.254 ಎಂದು ಆರಂಭವಾಗುತ್ತದೆ ಎನ್ನಿ. ಇದು ಸ್ವಯಂಭೂ. ವಿಳಾಸ ಹಂಚುವ ಡಿಎಚ್‌ಸಿಪಿಯನ್ನು ಕೂಗಿ ಕೂಗಿ ಉತ್ತರ ಬಾರದೆ ಯಂತ್ರ ತಾನೇ ಇಟ್ಟುಕೊಂಡ ಹೆಸರು. ಸ್ವಯಂಭೂ ಮೂರ್ತಿಗೆ ದೇವಸ್ಥಾನಗಳಲ್ಲಿ ವಿಶೇಷ ಮಹಿಮೆ. ಇಲ್ಲಿ ಅದು ಅನಾಥವೆಂಬುದರ ಲಕ್ಷಣ. ತದ್ವಿರುದ್ಧ ದೋಷ, ಒಂದೇ ಮನೆಯಲ್ಲಿ ಎರಡು ರೌಟರುಗಳು ವಿಳಾಸ ಹಂಚಲು ಕೂರುವುದು. ಅವಿಭಕ್ತ ಕುಟುಂಬ ಕಂಡವರಿಗೆ ಇದರ ವಿವರಣೆ ಬೇಡ.

ಮತ್ತೊಂದು ಘೋರ ದೋಷವಿದೆ. ನೇತಾಡುವ ತುದಿ ಕಂಡು ಬೇಸರವಾಗಿ ಯಾರೋ ಒಂದೇ ಕೇಬಲಿನ ಎರಡೂ ತುದಿಗಳನ್ನು ಅದೇ ರೌಟರಿನ ಎರಡು ಲ್ಯಾನ್ ಪೋರ್ಟುಗಳಿಗೆ ಸಿಕ್ಕಿಸಿಬಿಡುತ್ತಾರೆ. ಐಪಿ ಪ್ಯಾಕೆಟ್ಟಿಗೆ ಆಯುಸ್ಸು ಬರೆದಿಟ್ಟಿದೆ, ಹಾದಿಯಲ್ಲಿ ಪ್ರತಿ ರೌಟರ್ ದಾಟಿದಾಗ ಒಂದೊಂದು ಕಳೆಯುತ್ತದೆ. ಈಥರ್ನೆಟ್ ಫ್ರೇಮಿಗೆ ಮರಣವೇ ಇಲ್ಲ. ಎಲ್ಲರನ್ನೂ ಕೂಗುವ ಫ್ರೇಮು ಆ ಚಕ್ರಕ್ಕೆ ಬಿತ್ತೆಂದರೆ ಸುತ್ತುತ್ತಲೇ ಇರುತ್ತದೆ, ಸುತ್ತಿದಷ್ಟೂ ಹೆಚ್ಚುತ್ತದೆ, ದೀಪಗಳೆಲ್ಲ ಉನ್ಮಾದದಿಂದ ಮಿನುಗುತ್ತವೆ, ಮನೆಯಲ್ಲಿ ಯಾರಿಗೂ ಏನೂ ತೆರೆಯುವುದಿಲ್ಲ. ಕೇಬಲ್ ಕೀಳುವುದೊಂದೇ ಮೋಕ್ಷ.

ಕಡೆಯದಾಗಿ, ವಿದ್ವಾಂಸರನ್ನೂ ಮೋಸಗೊಳಿಸುವ ಹೇತ್ವಾಭಾಸ. ತಿಂಗಳಿಗೆ 300 ಎಂಬಿಪಿಎಸ್‌ಗೆ ಹಣ ಕಟ್ಟಿದವನಿಗೆ ತಂತಿಯಲ್ಲಿ 94ರ ಹತ್ತಿರವೇ ಬಂದು ನಿಲ್ಲುತ್ತದೆ. ಕಂಪನಿಯನ್ನು ಬೈಯುವುದು ಅವಸರ. ಕೇಬಲಿನಲ್ಲಿ ನಾಲ್ಕು ಜೋಡಿ ತಂತಿ. 100ರ ವೇಗಕ್ಕೆ ಎರಡೇ ಜೋಡಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. ನೀಲಿಯೋ ಕಂದೋ ಒಂದು ಎಳೆ ತುಂಡಾದರೆ ಹಲವು ಯಂತ್ರಗಳು ದೂರು ಹೇಳದೆ 100ಕ್ಕೆ ಇಳಿದುಬಿಡುತ್ತವೆ, ದೀಪವನ್ನೂ ಉರಿಸುತ್ತವೆ.

ಇನ್ನು ಆ ಜೋಡಿಗಳನ್ನು ಹುರಿಗೊಳಿಸಿರುವುದು ಅಲಂಕಾರಕ್ಕಲ್ಲ. 1881ರಲ್ಲಿ ಗ್ರಹಾಂ ಬೆಲ್ ಪೇಟೆಂಟ್ ಪಡೆದ ಉಪಾಯವದು: ಹೊರಗಿನ ಗದ್ದಲ ಎರಡೂ ಎಳೆಗೆ ಸಮನಾಗಿ ತಾಗಿ ಪರಸ್ಪರ ರದ್ದಾಗುತ್ತದೆ. ಇದನ್ನರಿಯದ ಎಲೆಕ್ಟ್ರಿಷಿಯನ್ ಅಂದಕ್ಕೆ ಮನಸೋತು ಹಸಿರಿನ ಪಕ್ಕ ಹಸಿರು, ನೀಲಿಯ ಪಕ್ಕ ನೀಲಿ ಎಂದು ಎರಡೂ ತುದಿಯಲ್ಲಿ ಒಂದೇ ರೀತಿ ಜೋಡಿಸುತ್ತಾನೆ. ಟೆಸ್ಟರಿನ ಎಂಟೂ ದೀಪಗಳು ಸರದಿಯಂತೆ ಹೊತ್ತುತ್ತವೆ. ಆದರೆ ಶಾಸ್ತ್ರದ ಪ್ರಕಾರ ಮೂರನೆಯ ಮತ್ತು ಆರನೆಯ ಪಿನ್ನುಗಳಲ್ಲಿ ಒಂದೇ ಜೋಡಿ ಇರಬೇಕು. ಇವನ ಕ್ರಮದಲ್ಲಿ ಅಲ್ಲಿ ಒಂದು ಹಸಿರು ಜೋಡಿಯದು, ಇನ್ನೊಂದು ನೀಲಿ ಜೋಡಿಯದು; ಹುರಿಯ ಫಲ ಹೋಯಿತು. ಪರಿಹಾರ: ಎರಡೂ ಪ್ಲಗ್ ಕತ್ತರಿಸಿ ಹೊಸದನ್ನು ಕ್ರಿಂಪ್ ಮಾಡಿಸುವುದು. ಕಿತ್ತಳೆ-ಬಿಳಿ, ಕಿತ್ತಳೆ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು. ನೋಡಲು ಅಂದವಿಲ್ಲ ಎಂದು ಎಲೆಕ್ಟ್ರಿಷಿಯನ್ ಆಕ್ಷೇಪಿಸುತ್ತಾನೆ. ಪ್ಲಗ್ ಒತ್ತಿ ಮುಗಿಯುವವರೆಗೆ ಅವನ ಪಕ್ಕದಲ್ಲೇ ನಿಂತಿರತಕ್ಕದ್ದು.