ಕೋಷ್ಟಕಸಂಬಂಧ ಮೀಮಾಂಸೆ

ಶಾಸ್ತ್ರಾರಂಭದಲ್ಲಿ ಅನುಬಂಧಚತುಷ್ಟಯವನ್ನು ನಿರೂಪಿಸತಕ್ಕದ್ದೆಂಬುದು ಶಿಷ್ಟಸಂಪ್ರದಾಯವಾದುದರಿಂದ ಅದನ್ನೇ ಮೊದಲು ಹೇಳುವೆವು. 1992ರಲ್ಲಿ ಮೈಕ್ರೋಸಾಫ್ಟಿನವರು ಹೊರತಂದ ಆಕ್ಸೆಸ್ ಎಂಬ ದತ್ತಸಂಚಯದ ಮುಖಭಾಗವನ್ನು ಕಛೇರಿಯ ಮೇಜುಮೇಜಿನ ಯಂತ್ರದಲ್ಲಿಟ್ಟು, ಕೋಷ್ಟಕಗಳನ್ನು ಮೂಲೆಯ ಬೇರೊಂದು ಯಂತ್ರದಲ್ಲಿಟ್ಟು, ಜಾಲದ ಮೂಲಕ ಎರಡನ್ನೂ ಬೆಸೆಯುವುದು ಇಲ್ಲಿಯ ವಿಷಯ. ಬೆಸೆದದ್ದು ಬಿಟ್ಟುಹೋಗದಿರುವುದೇ ಪ್ರಯೋಜನ. ಬಿಟ್ಟುಹೋದಾಗ ಬೈಸಿಕೊಳ್ಳತಕ್ಕ ಗುತ್ತಿಗೆಯ ಡಾಟಾ ಎಂಟ್ರಿ ಆಪರೇಟರನೇ ಈ ಶಾಸ್ತ್ರಕ್ಕೆ ಅಧಿಕಾರಿ. ಇನ್ನು ಸಂಬಂಧವೋ, ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಸೀಮೆಗಳಲ್ಲಿ ಮೊದಲ ಮಳೆ ಬೀಳುವವರೆಗೆ ಇರುವಂಥದು.

ಲಕ್ಷಣವೆಂತೆಂದರೆ, ಮುಖಭಾಗದಲ್ಲಿ ಕಾಣುವ ಕೋಷ್ಟಕವು ವಸ್ತುತಃ ಅಲ್ಲಿಲ್ಲ; ಅಲ್ಲಿರುವುದು ಅದರ ಹೆಸರು, ಪಕ್ಕದಲ್ಲೊಂದು ಬಾಣದ ಗುರುತು, ಒಳಗೆ ಬರೆದಿಟ್ಟ ಒಂದು ವಿಳಾಸ, ಇಷ್ಟೇ. ಆದಕಾರಣ ಅದ್ವೈತಿಗಳು ಇದನ್ನು ಅಧ್ಯಾಸವೆನ್ನುವರು. ದ್ವೈತಿಗಳು ಇಲ್ಲಿಯ ಭೇದ ನಿತ್ಯವೆನ್ನುವರು. ತರಬೇತಿಗೆಂದು ಮೇಲಿನಿಂದ ಬರುವ ತಜ್ಞರು ‘ಸಮಗ್ರ ವಿಕೇಂದ್ರೀಕೃತ ದತ್ತಾಂಶ ಏಕೀಕರಣ ಪರಿಸರ’ವೆನ್ನುವರು. ಈ ಮೂರನೆಯ ಮತವನ್ನು ಊಟದ ಹೊತ್ತಿನವರೆಗೆ ಆಲಿಸಿದವರಿಗೆ ಮೊದಲಿನೆರಡೂ ಬಾಲಪಾಠದಂತೆ ತೋರುವುವು.

ಸಂಬಂಧಭಂಗವು ಪಂಚವಿಧ. ಮೊದಲನೆಯದು ಅಕ್ಷರಜ: ಹಿರಿಯ ಗುಮಾಸ್ತರ ಯಂತ್ರದಲ್ಲಿ ಝಡ್ ಡ್ರೈವ್ ಎನಿಸಿಕೊಂಡ ಫೋಲ್ಡರೇ ಕಿರಿಯರ ಯಂತ್ರದಲ್ಲಿ ವೈ ಡ್ರೈವ್ ಆಗಿರುವುದರಿಂದ, ಅವರು ಬೆಸೆದದ್ದು ಇವರಲ್ಲಿ ನಿಲ್ಲದು. ಅಕ್ಷರವನ್ನೇ ತ್ಯಜಿಸಿ, ಎರಡು ಓರೆಗೆರೆ ಎಳೆದು, ಯಂತ್ರದ ಸ್ವನಾಮದಿಂದ ಮೊದಲಾಗುವ ಪೂರ್ಣಮಾರ್ಗವನ್ನು ಕೊಡುವುದೇ ಪರಿಹಾರ. ಎರಡನೆಯದು ಬೀಗಜ: ಸಂಚಯವನ್ನು ತೆರೆದೊಡನೆ ಮೂಲಕಡತದ ಮಗ್ಗುಲಲ್ಲಿ ಬೀಗದ ಕಡತವೊಂದು ಜನಿಸಿ, ಕೊನೆಯವನು ಮುಚ್ಚಿದಾಗ ಲಯವಾಗತಕ್ಕದ್ದು, ಆದುದರಿಂದ ಎಲ್ಲರಿಗೂ ಆ ಫೋಲ್ಡರಿನಲ್ಲಿ ಬರೆಯುವ, ಅಳಿಸುವ ಹಕ್ಕಿರಬೇಕು. ಭದ್ರತೆಯ ಹೆಸರಿನಲ್ಲಿ ಅದನ್ನು ಕಿತ್ತುಕೊಂಡರೆ, ಏಕಕಾಲಕ್ಕೆ 255 ಮಂದಿ ಬಳಸಬಹುದೆಂಬ ಗ್ರಂಥೋಕ್ತಿಯಿದ್ದರೂ ನಾಲ್ವರಿಗೇ ಕಲಹ. ಮೂರನೆಯದು ತಂತುಜ: ಇಲ್ಲಿ ಸರ್ವರೆಂಬುದು ಕಡತವನ್ನಿಟ್ಟುಕೊಂಡು ಸುಮ್ಮನಿರುವ ಪೆಟ್ಟಿಗೆ, ಎಣಿಕೆ ತಿದ್ದುಗೆಗಳೆಲ್ಲ ಮೇಜಿನ ಯಂತ್ರದಲ್ಲೇ ನಡೆಯುವುದರಿಂದ ಬರವಣಿಗೆಯ ನಡುವೆ ಕರೆಂಟು ಹೋದರೆ ಮೂಲಕಡತವೇ ಕೆಟ್ಟುಹೋಗಬಹುದು. ಕಾಳಿ ನದಿಯ ನೀರಿನಿಂದ ನಾಗಝರಿಯಲ್ಲಿ ವಿದ್ಯುತ್ತು ಹುಟ್ಟಿಸುವ ಸೀಮೆಯಲ್ಲಿ ಕರೆಂಟು ಹೋಗುವುದೆಂತು ಎಂದು ಪೂರ್ವಪಕ್ಷಿಯು ಕೇಳಿದರೆ, ಪ್ರತ್ಯಕ್ಷಪ್ರಮಾಣ ಎಂದು ಉತ್ತರ.

ನಾಲ್ಕನೆಯ, ಐದನೆಯ ವಿಧಗಳಿಗೂ ಹೆಸರಿಟ್ಟದ್ದುಂಟು, ಹೇಳಲು ಮನಸ್ಸಿಲ್ಲ. ಕೌಂಟರಿನ ಹೊರಗೆ, ಡಿಗ್ಗಿಯ ಕಡೆಯಿಂದ ಕಾಡುದಾರಿ ನಡೆದು, ಸಿಕ್ಕ ಬಸ್ಸು ಹಿಡಿದು ಬಂದ ಕುಣಬಿ ಮುದುಕಿಯೊಬ್ಬಳು ನಿಂತಿದ್ದಾಳೆ. “ಸರ್ವರ್ ಡೌನ್ ಐತಿ, ನಾಳೆ ಬಾ ಅಜ್ಜಿ” ಎನ್ನುತ್ತಾರೆ ಒಳಗಿನವರು. ನಾಳೆಯ ಬಸ್ಸಿನ ದುಡ್ಡು ಯಾರು ಕೊಡುತ್ತಾರೆ? ಸರ್ವರಿಗೆ ಏನೂ ಆಗಿಲ್ಲ. ಯಾರೋ ಫೋಲ್ಡರಿನ ಹೆಸರು ಬದಲಿಸಿದ್ದಾರೆ, ಅಷ್ಟೇ. ಲಿಂಕ್ಡ್ ಟೇಬಲ್ ಮ್ಯಾನೇಜರನ್ನು ತೆರೆದು ಹೊಸ ಜಾಗ ತೋರಿಸಿದರೆ ಅವಳು ಒಂದು ಲೋಟ ಚಹಾ ಕುಡಿಯುವುದರೊಳಗೆ ಮುಗಿಯುವ ಕೆಲಸ. ಬಲ್ಲ ಹುಡುಗನಿಗೆ ಪಾಸ್‌ವರ್ಡ್ ಕೊಟ್ಟಿಲ್ಲ; ಪಾಸ್‌ವರ್ಡ್ ಉಳ್ಳವರು ಏಕೀಕರಣದ ಮೇಲೆ ಉಪನ್ಯಾಸ ಮಾಡಲು ಪರಸ್ಥಳಕ್ಕೆ ಹೋಗಿದ್ದಾರೆ.

ಈ ನಾಡಿಗೆ ವಿಳಾಸ ತಪ್ಪುವುದು ಹೊಸತೂ ಅಲ್ಲ. ಕಾಳಿ ಪಾಂಢರಿಗಳ ಸಂಗಮದಲ್ಲಿದ್ದು ತಾಲ್ಲೂಕಿಗೆ ಕೇಂದ್ರವಾಗಿದ್ದ ಸೂಪಾ ಪೇಟೆಯು, ಗಣೇಶಗುಡಿಯಲ್ಲಿ 1987ರಲ್ಲಿ ಮುಗಿದ 101 ಮೀಟರ್ ಎತ್ತರದ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಕಛೇರಿಗಳು ಜೋಯಿಡಾಕ್ಕೆ ಬಂದವು; ನೆಲೆ ತಪ್ಪಿದವರಲ್ಲಿ ಅನೇಕರು ರಾಮನಗರಕ್ಕೆ ಹೋದರು. ಆದರೂ 2011ರ ಜನಗಣತಿಯ ಪಟ್ಟಿಯಲ್ಲಿ ತಾಲ್ಲೂಕಿನ ಹೆಸರು ಸೂಪಾ ಎಂದೇ ಇದೆ: ಹೆಸರುಂಟು, ಬಾಣವುಂಟು, ಬಾಣ ತೋರಿದಲ್ಲಿ ನೀರು. ಕಛೇರಿಗಾದರೆ ಹೊಸ ವಿಳಾಸ ಬರೆದುಕೊಂಡರೆ ಸಾಕಾಯಿತು. ಅಂಗಳ, ಗದ್ದೆ, ದೇವರ ಕಟ್ಟೆಗಳನ್ನು ಬಿಟ್ಟೆದ್ದವರು ಯಾವ ಮ್ಯಾನೇಜರನ್ನು ತೆರೆದು ಅವನ್ನು ಮರಳಿ ಬೆಸೆದುಕೊಳ್ಳಬೇಕಿತ್ತು?

ಉತ್ತರಪಕ್ಷವನ್ನು ಇಲ್ಲಿಯೇ ಬರೆಯಬೇಕಿತ್ತು. ಅಷ್ಟರಲ್ಲಿ ಮುಂದಿನ ತರಬೇತಿಯ ಸುತ್ತೋಲೆ ಬಂದಿದೆ. ಸಿಬ್ಬಂದಿಯೆಲ್ಲರ ಹಾಜರಿ ಕಡ್ಡಾಯವಾದುದರಿಂದ ಅಂದು ಕೌಂಟರ್ ತೆರೆಯುವುದಿಲ್ಲ.